ಕೂಪನ್‌ಗೆ ಬಂದ ಗಿರಾಕಿ ಎಷ್ಟು ದಿನ ಉಳೀತಾನೆ?

ಆನ್‌ಲೈನ್ ಶಾಪಿಂಗ್ ಆ್ಯಪ್‌ಗಳಿಗೆ ಕೋಡ್ ಬರೆಯೋದು ನನ್ನ ಕೆಲಸ. ಗಿರಾಕಿ ಮತ್ತೆ ಬರಲಿ ಅಂತ ಪಾಯಿಂಟ್ಸ್, ಕ್ಯಾಶ್‌ಬ್ಯಾಕ್, ಕೂಪನ್ ಎಲ್ಲಾ ಹಾಕ್ತೀವಿ. ಆದರೆ ನಾವೆಲ್ಲ ಏನು ಮಾಡ್ತೀವಿ? ಒಂದೇ ಸಾಮಾನನ್ನು ಮೂರು ಆ್ಯಪ್‌ನಲ್ಲಿ ನೋಡಿ, ಇಪ್ಪತ್ತು ರೂಪಾಯಿ ಕಡಿಮೆ ಇದ್ದ ಕಡೆ ಆರ್ಡರ್ ಮಾಡ್ತೀವಿ. ಹಾಗಾದ್ರೆ ಗಿರಾಕಿಯನ್ನು ಹಿಡಿದಿಡೋದು ಯಾವುದು? ನಮ್ಮ ಹಾವೇರಿ ಜಿಲ್ಲೆಯ ಮೂರು ವ್ಯಾಪಾರ ನೋಡಿ.

ಬ್ಯಾಡಗಿ: ಹೇಳಿದ್ದೇ ಮಾಲು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬಣ್ಣ ಗಾಢ, ಖಾರ ಕಡಿಮೆ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಆದರೆ ಫೋನಿನ ಫೋಟೊದಲ್ಲಿ ಎಲ್ಲಾ ಮೆಣಸಿನಕಾಯಿಯೂ ಕೆಂಪೇ! ಮೊದಲ ಪ್ಯಾಕೆಟ್ ಫೋಟೊ ನೋಡಿ ಕೊಳ್ತೀವಿ, ಎರಡನೆಯದು ಸಾರಿನ ಬಣ್ಣ ನೋಡಿ. ಈ ವರ್ಷದ ಮಾಲೋ, ಕೋಲ್ಡ್ ಸ್ಟೋರೇಜ್‌ನಲ್ಲಿದ್ದ ಹಳೇ ಮಾಲೋ ಅಂತ ನೇರವಾಗಿ ಬರೆದವನ ಹೆಸರು ನೆನಪಿನಲ್ಲಿ ಉಳಿಯುತ್ತೆ.

ರಾಣೇಬೆನ್ನೂರು: ಕೇಳಿದ್ರೆ ಉತ್ತರ. ಇಲ್ಲಿ ಬಿತ್ತನೆ ಬೀಜದ ವ್ಯಾಪಾರ ದೊಡ್ಡದು. ಬೀಜ ಮೊಳೆಯದಿದ್ರೆ ದುಡ್ಡು ವಾಪಸ್ ಬರಬಹುದು, ಹೋದ ಹಂಗಾಮು ಬರೋದಿಲ್ಲ. ಅದಕ್ಕೇ ರೈತ ರೇಟಿನ ಜೊತೆಗೇ, ಹೆಚ್ಚುಕಡಿಮೆ ಆದ್ರೆ ಯಾರನ್ನು ಕೇಳಬೇಕು ಅಂತಾನೂ ನೋಡ್ತಾನೆ.

ಹಾವೇರಿ: ಹೇಳಿದ ದಿನಕ್ಕೆ. ಇಲ್ಲಿನ ಏಲಕ್ಕಿ ಹಾರ ಪ್ರಸಿದ್ಧ. ಆದರೆ ಸಮಾರಂಭದ ಮರುದಿನ ತಲುಪಿದ ಹಾರವನ್ನು ಅರ್ಧ ರೇಟಿಗೆ ಕೊಟ್ಟರೂ ಏನು ಮಾಡೋಣ?

ಆನ್‌ಲೈನ್‌ನಲ್ಲೂ ಲೆಕ್ಕ ಇದೇ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ್ಯಪ್‌ನಲ್ಲಿ ದೂರು ಅಧಿಕಾರಿಯ ಹೆಸರು, ಸಂಪರ್ಕ ಇರಲೇಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಿ, 1 ತಿಂಗಳೊಳಗೆ ಪರಿಹರಿಸಬೇಕು. ಇದು ಕನಿಷ್ಠ ಮಟ್ಟ ಅಷ್ಟೇ. ರಿಟರ್ನ್ ಬಟನ್ ಹುಡುಕೋಕೆ ಐದು ಸ್ಕ್ರೀನ್ ದಾಟಬೇಕು ಅಂದ್ರೆ, ಆ ಗಿರಾಕಿಯನ್ನು ಯಾವ ಕೂಪನ್ನೂ ವಾಪಸ್ ತರೋದಿಲ್ಲ. ಕೋಡ್ ಬರೆಯುವ ನಮಗೂ ಇದು ಗೊತ್ತಿರಬೇಕು.

ಡಿಸ್ಕೌಂಟ್ ಪೈಪೋಟಿಯಲ್ಲಿ ದೊಡ್ಡ ಕಂಪನಿ ನಷ್ಟ ತಡೆದುಕೊಳ್ಳಬಹುದು. ನಮ್ಮ ಕಡೆಯ ಸಣ್ಣ ವ್ಯಾಪಾರಿಗೆ ಅದು ಆಗದ ಮಾತು. ಅವನು ಉಳಿಯೋದು ಎರಡನೇ, ಮೂರನೇ ಆರ್ಡರ್‌ನಿಂದ. ಹಾಗಾಗಿ ಮುಂದಿನ ಸಲ ಮೆಣಸಿನಕಾಯಿ ತರಿಸುವಾಗ ಮೊದಲು ಕಾಲು ಕೆ.ಜಿ. ತರಿಸಿ. ವಿಳಾಸ, ಫೋನ್ ನಂಬರ್ ಇದೆಯಾ ನೋಡಿ, ಒಂದು ಪ್ರಶ್ನೆ ಕೇಳಿ. ಉತ್ತರವೂ ಮಾಲೂ ಸರಿ ಇದ್ರೆ, ಹತ್ತು ರೂಪಾಯಿ ಹೆಚ್ಚಾದರೂ ಮತ್ತೆ ಅಲ್ಲೇ ಕೊಳ್ಳಿ.