ಐದೇ ನಿಮಿಷದ ಕೆಲಸ ಅಲ್ವಾ?

‘ಮೇಡಂ, ಮೂಗು ಸ್ವಲ್ಪ ಚಿಕ್ಕದು ಮಾಡಿ. ಬಣ್ಣಾನೂ ಸ್ವಲ್ಪ ತಿಳಿಯಾಗಿರ್ಲಿ...’

ಅದು ಹುಟ್ಟುಹಬ್ಬದ ಮನೆ. ನನ್ನೆದುರಿನ ಕುರ್ಚಿಯಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗಿ. ಅವತ್ತಿನ ಹುಟ್ಟುಹಬ್ಬ ಅವಳದ್ದೇ. ಹಿಂದೆ ನಿಂತಿದ್ದ ಅಮ್ಮ ಹೇಳಿದ್ದು ನನಗೆ, ಆದರೆ ಕೇಳಿಸಿದ್ದು ಮಗಳಿಗೆ. ಅಲ್ಲೀವರೆಗೂ ಕಿಲಕಿಲ ನಗ್ತಾ ಕೂತಿದ್ದವಳು ಮೆಲ್ಲಗೆ ಕೈಯೆತ್ತಿ ಮೂಗು ಮುಚ್ಚಿಕೊಂಡಳು.

ನಾನು ಕ್ಯಾರಿಕೇಚರ್ ಕಲಾವಿದೆ. ಅಂದರೆ ವ್ಯಂಗ್ಯ ಭಾವಚಿತ್ರ ಬರೆಯುವವಳು. ಹುಟ್ಟುಹಬ್ಬ, ಆರತಕ್ಷತೆ, ಅಪಾರ್ಟ್‌ಮೆಂಟಿನ ಗಣೇಶೋತ್ಸವ, ಕಂಪನಿಗಳ ಫ್ಯಾಮಿಲಿ ಡೇ... ಇವೇ ನನ್ನ ಆಫೀಸು. ಮದುವೆ ಆದಮೇಲೆ, ಮಗ ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಹಿಡಿದ ಕೆಲಸ ಇದು. ‘ಪರವಾಗಿಲ್ವೇ, ಪಾರ್ಟಿಗೂ ಹೋದ ಹಾಗಾಯ್ತು, ದುಡ್ಡೂ ಬಂತು’ ಅಂತಾರೆ ಪಕ್ಕದ ಮನೆಯವರು. ಹೌದು, ಪಾರ್ಟಿಗೆ ಹೋಗ್ತೀನಿ. ಆದರೆ ಎಲ್ಲರೂ ಊಟ ಮುಗಿಸಿ ಬೀಡಾ ಹಾಕಿಕೊಳ್ಳುವಾಗ ನಾನಿನ್ನೂ ಮೂವತ್ತನೆಯವರ ಹುಬ್ಬು ಬರೀತಿರ್ತೀನಿ!

ದೊಡ್ಡ ಮೂಗು ಬರೆದರೆ ಸಾಕೇ?

ಒಂದು ಮುಖಕ್ಕೆ ಐದರಿಂದ ಏಳು ನಿಮಿಷ. ಗಂಟೆಗೆ ಎಂಟು ಹತ್ತು ಮುಖ. ರಬ್ಬರಿಗೆ ಕೆಲಸವಿಲ್ಲ, ಬ್ರಷ್ ಪೆನ್ನಿನಲ್ಲಿ ಎಳೆದ ಗೆರೆ ಎಳೆದದ್ದೇ. ಮಕ್ಕಳು ಒಂದು ಕ್ಷಣ ಕೂರೋದಿಲ್ಲ. ಬೆನ್ನ ಹಿಂದೆ ಹತ್ತು ಜನ ನಿಂತು ‘ಅಯ್ಯೋ, ಕಣ್ಣು ಹಾಗಿಲ್ವಲ್ಲಾ’ ಅಂತ ಕಾಮೆಂಟರಿ ಕೊಡ್ತಿರ್ತಾರೆ. ಮನೆಗೆ ಬಂದ ಮೇಲೆ ಮಣಿಕಟ್ಟು, ಕುತ್ತಿಗೆ ಎರಡೂ ಹಿಡಿದುಕೊಂಡಿರುತ್ತವೆ.

ಬಹಳ ಜನ ತಿಳಿದಿರೋದು, ಮೂಗೋ ಕಿವಿಯೋ ದೊಡ್ಡದು ಮಾಡಿಬಿಟ್ಟರೆ ಕ್ಯಾರಿಕೇಚರ್ ಆಯ್ತು ಅಂತ. ಹಾಗಲ್ಲ. ಹಣೆ ಎಷ್ಟು ಅಗಲ, ಕಣ್ಣಿಂದ ಕಣ್ಣಿಗೆ ಎಷ್ಟು ದೂರ, ಮೂಗಿನ ತುದಿಗೂ ತುಟಿಗೂ ನಡುವೆ ಎಷ್ಟು ಜಾಗ... ಮೊದಲು ಈ ಲೆಕ್ಕ ಕಣ್ಣಲ್ಲೇ ಆಗಬೇಕು. ಎಲ್ಲರಂತಿಲ್ಲದ್ದು ಯಾವುದೋ ಅದನ್ನು ಹಿಗ್ಗಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ಒಂದನ್ನು ಹಿಗ್ಗಿಸಿದರೆ ಇನ್ನೊಂದನ್ನು ಕುಗ್ಗಿಸಬೇಕು. ಕೊನೆಗೆ ನೋಡಿದವರು ‘ಅರೆ, ಇದು ನಮ್ಮ ಚಿಕ್ಕಮ್ಮಾನೇ!’ ಅನ್ನಬೇಕು. ನಿಜ ಹೇಳಬೇಕೆಂದರೆ ತಿದ್ದಿ ತೀಡಿದಂಥ ಸುಂದರ ಮುಖವೇ ನಮಗೆ ಕಷ್ಟ. ಹಿಡಿಯೋಕೆ ಒಂದು ಕೊಕ್ಕೆಯೂ ಸಿಗೋದಿಲ್ಲ!

ಕ್ಯಾರಿಕೇಚರ್ ಎಂಬ ಪದ ಬಂದದ್ದು ಇಟಲಿ ಭಾಷೆಯಿಂದ. ಅಲ್ಲಿ ಅದರ ಮೂಲ ಅರ್ಥ ಹೊರೆ ಹೇರುವುದು, ತುಂಬುವುದು ಅಂತ. ಮುಖಕ್ಕೆ ಎಷ್ಟು ಹೊರೆ ಹೇರಬಹುದು ಅನ್ನೋದೇ ಈ ವಿದ್ಯೆಯ ಗುಟ್ಟು. ಸ್ವಲ್ಪ ಹೆಚ್ಚಾದರೆ ಅವಮಾನ, ಸ್ವಲ್ಪ ಕಡಿಮೆಯಾದರೆ ಪಾಸ್‌ಪೋರ್ಟ್ ಫೋಟೋ.

‘ಫ್ರೀಯಾಗಿ ಒಂದು ಬರ್ಕೊಡಿ’

ಬೇಸರ ಆಗೋದು ಬರೆಯುವಾಗಲ್ಲ, ಮಾತಾಡುವಾಗ. ಫೋಟೋಗ್ರಾಫರ್ ಹೇಳಿದ ರೇಟಿಗೆ, ಅಡುಗೆ ಭಟ್ಟರು ಹೇಳಿದ ರೇಟಿಗೆ ‘ಹೂಂ’ ಅನ್ನುವವರು ನನ್ನ ಹತ್ತಿರ ಬಂದಾಗ ‘ಐದೇ ನಿಮಿಷದ ಕೆಲಸ ಅಲ್ವಾ ಮೇಡಂ?’ ಅಂತಾರೆ. ಆ ಐದು ನಿಮಿಷದ ಹಿಂದೆ ಬಸ್ಸಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಮದುವೆ ಪಂಕ್ತಿಯಲ್ಲಿ ಕದ್ದು ಕದ್ದು ಬರೆದ ಎಷ್ಟು ವರ್ಷದ ಮುಖಗಳಿವೆ ಅಂತ ಹೇಗೆ ಹೇಳೋದು? ಹತ್ತು ನಿಮಿಷದಲ್ಲಿ ಹೋಳಿಗೆ ತಟ್ಟುವ ನಿಮ್ಮ ಕೈಗೂ ಆ ಹದ ಒಂದೇ ದಿನಕ್ಕೆ ಬಂದದ್ದಲ್ಲವಲ್ಲ!

ಈಗ ಇನ್ನೊಂದು ಸೇರಿಕೊಂಡಿದೆ. 2025ರ ಮಾರ್ಚ್‌ನಲ್ಲಿ ಎಲ್ಲರ ಮೊಬೈಲಿನಲ್ಲೂ ಜಪಾನಿನ ಜಿಬ್ಲಿ ಕಾರ್ಟೂನಿನಂಥ ಮುಖಗಳು ತುಂಬಿದ್ದು ನೆನಪಿರಬಹುದು. ಆಮೇಲಿಂದ ‘ಫೋಟೋ ಹಾಕಿದ್ರೆ ಕಂಪ್ಯೂಟರೇ ಬರ್ಕೊಡುತ್ತೆ, ನಿಮಗ್ಯಾಕೆ ಕೊಡ್ಬೇಕು?’ ಅನ್ನುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫೋಟೋ ಕಂಡಷ್ಟನ್ನೇ ಅದು ಬರೆಯುತ್ತೆ. ಎದುರು ಕೂತ ಅಜ್ಜಿ ಮೊಮ್ಮಗನನ್ನು ಕಂಡ ತಕ್ಷಣ ಹೇಗೆ ನಗ್ತಾರೆ ಅನ್ನೋದನ್ನು ಅಲ್ಲಿದ್ದವರೇ ನೋಡಿ ಬರೀಬೇಕು.

ಮನಸ್ಸಿಗೆ ಬೇಜಾರಾದಾಗ ಇಬ್ಬರನ್ನು ನೆನೆಸಿಕೊಳ್ತೀನಿ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಮುಂದೆ ಅವರು ಬರೆದ ‘ಕಾಮನ್ ಮ್ಯಾನ್’ ಮನೆಮನೆಯ ಮಾತಾದ. ಇನ್ನೊಬ್ಬರು ನಮ್ಮ ಬೆಂಗಳೂರಿನ ಮಾಯಾ ಕಾಮತ್ (1951-2001). ಮನೆ ಸಂಸಾರದ ಕಥೆಯ ‘ಗೀತಾ’ ಚಿತ್ರಸರಣಿಯಿಂದ ಶುರುಮಾಡಿ, ಗಂಡಸರೇ ತುಂಬಿದ್ದ ರಾಜಕೀಯ ವ್ಯಂಗ್ಯಚಿತ್ರದ ಲೋಕಕ್ಕೆ ಕಾಲಿಟ್ಟವರು.

ಆ ಹುಡುಗಿಯ ಮೂಗು

ಈಗ ಆ ಹುಟ್ಟುಹಬ್ಬದ ಮನೆಗೆ ಬರೋಣ. ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದಕ್ಕೂ ಮೊದಲು ಯಾರು ಹೇಳಿದರೂ ಮೂಗು ಸಣ್ಣ ಮಾಡಿಕೊಟ್ಟಿದ್ದೆ, ಬಣ್ಣ ತಿಳಿ ಮಾಡಿಕೊಟ್ಟಿದ್ದೆ. ಬಾಕಿ ಹಣ ಬರಬೇಕಿತ್ತಲ್ಲ! ಮಕ್ಕಳ ಮುಖದಲ್ಲಿ ಏನಾಗುತ್ತೆ ಅಂತ ತಲೆಯೆತ್ತಿ ನೋಡಿರಲಿಲ್ಲ. ಅವತ್ತು ನೋಡಿದೆ.

‘ಪುಟ್ಟಾ, ಕೈ ತೆಗಿ. ನಂಗೆ ಆ ಮೂಗೇ ಬೇಕು’ ಅಂದೆ. ಇದ್ದ ಮೂಗನ್ನೇ ಬರೆದೆ, ಇದ್ದ ಬಣ್ಣವನ್ನೇ ಹಚ್ಚಿದೆ. ನಗುವಾಗ ಮೇಲೇರುವ ಎಡ ಹುಬ್ಬನ್ನು ಇನ್ನಷ್ಟು ಮೇಲೇರಿಸಿದೆ. ಆಮೇಲೆ ‘ನೀವೂ ಕೂತ್ಕೊಳ್ಳಿ’ ಅಂತ ಅಮ್ಮನನ್ನು ಕೂರಿಸಿದೆ. ಎರಡೂ ಹಾಳೆ ಪಕ್ಕಪಕ್ಕ ಇಟ್ಟಾಗ ಮೊದಲು ನಕ್ಕಿದ್ದು ಮಗಳೇ. ‘ಅಮ್ಮಾ, ಇದು ನಿಂದೇ ಮೂಗು!’

ಅಮ್ಮ ಏನೂ ಹೇಳಲಿಲ್ಲ. ತಮ್ಮ ಹಾಳೆಯನ್ನು ಸುರುಳಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಅವರಿಗೆ ಬೇಸರವಾಯ್ತೋ ಖುಷಿಯಾಯ್ತೋ ನನಗಿನ್ನೂ ಗೊತ್ತಿಲ್ಲ. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ. ಮಗಳು ಮಾತ್ರ ತನ್ನ ಹಾಳೆ ಹಿಡಿದುಕೊಂಡು ಅಜ್ಜಿಗೆ ತೋರಿಸೋಕೆ ಓಡಿದಳು.

ಕಲಾವಿದರನ್ನು ಕರೆಸುವ ಮುನ್ನ

* ಎಷ್ಟು ಗಂಟೆ, ಎಷ್ಟು ಹಣ ಅನ್ನೋದನ್ನು ಮೊದಲೇ ಮಾತಾಡಿ. ಸ್ವಲ್ಪ ಮುಂಗಡ ಕೊಡಿ. ಕಾರ್ಯಕ್ರಮದ ದಿನ ಚೌಕಾಸಿ ಬೇಡ.
* ಇನ್ನೂರು ಜನ ಬರುವ ಆರತಕ್ಷತೆಯಲ್ಲಿ ಒಬ್ಬರೇ ಎಲ್ಲರ ಚಿತ್ರ ಬರೆಯೋಕಾಗಲ್ಲ. ಚೀಟಿ ಕೊಟ್ಟು ಸಾಲು ಮಾಡಿಸಿ.
* ಡಿಜೆ ಸ್ಪೀಕರಿನ ಪಕ್ಕ ಕೂರಿಸಬೇಡಿ. ಒಳ್ಳೆ ಬೆಳಕು, ಎರಡು ಕುರ್ಚಿ, ಕುಡಿಯೋಕೆ ನೀರು ಇಷ್ಟು ಸಾಕು. ಊಟಕ್ಕೆ ಕರೆಯೋದನ್ನು ಮರೀಬೇಡಿ!
* ನಾಚಿಕೆಯ ಮಕ್ಕಳನ್ನು ಬಲವಂತವಾಗಿ ಕೂರಿಸಬೇಡಿ. ಕೂತ ಮೇಲೆ ಅವರ ಮುಂದೆ ಮೂಗು, ಹಲ್ಲು, ಬಣ್ಣದ ಮಾತು ಬೇಡವೇ ಬೇಡ.
* ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆಸಿದವರದ್ದು. ಆದರೆ ‘ಇದನ್ನು ಬರೆದದ್ದು ನಾನು’ ಅನ್ನುವ ಹಕ್ಕು ಕಲಾವಿದರಿಗೇ ಉಳಿಯುತ್ತೆ. ವಾಟ್ಸ್‌ಆ್ಯಪ್‌ಗೆ ಹಾಕುವಾಗ ಸಹಿ ಕತ್ತರಿಸಬೇಡಿ.
* ಮಕ್ಕಳಿಗೆ ಈ ಕಲೆಯ ರುಚಿ ಹತ್ತಿಸಬೇಕೇ? ಬೆಂಗಳೂರಿನ ಎಂ.ಜಿ. ರಸ್ತೆ ಬಳಿ, ಟ್ರಿನಿಟಿ ವೃತ್ತದ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಒಮ್ಮೆ ಕರೆದುಕೊಂಡು ಹೋಗಿ.

ಮುಂದಿನ ಸಲ ನನ್ನಂಥವರ ಎದುರು ಕೂತಾಗ ಸುಮ್ಮನೆ ನಕ್ಕುಬಿಡಿ. ನಿಮ್ಮ ಮೂಗಿನ ಬಗ್ಗೆ ನಮಗೇನೂ ತಕರಾರಿಲ್ಲ. ನಮ್ಮ ಹೊಟ್ಟೆಪಾಡು ನಡೆಯೋದೇ ಅದರಿಂದ ಕಣ್ರೀ!