ಹೊಲಿಗೆ ಯಂತ್ರದಲ್ಲಿ ಹೊಳಪು ಕಂಡ ಅಳತೆ

ಮರದ ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಲಾಗಿ ಕೂತ ಉಕ್ಕಿನ ಬಿಲ್ಲೆಗಳು. ಮುಖ ಕಾಣುವಷ್ಟು ಹೊಳಪು. ಎರಡನ್ನು ಚೆನ್ನಾಗಿ ಒರೆಸಿ, ಒಂದರ ಮೇಲೊಂದು ಅಡ್ಡಲಾಗಿಟ್ಟು, ಮೆಲ್ಲಗೆ ಒತ್ತಿ ತಿರುಗಿಸಿದರೆ ಅಂಟಿಕೊಳ್ಳುತ್ತವೆ. ಗೋಂದಿಲ್ಲ, ಅಯಸ್ಕಾಂತವಿಲ್ಲ. ಮೇಲಿನದನ್ನು ಎತ್ತಿದರೆ ಕೆಳಗಿನದೂ ಜೊತೆಗೇ ಬರುತ್ತದೆ. ನಯವಾದ ಮೈಗಳ ನಡುವಿನ ಅಣುಗಳ ಸೆಳೆತ, ತೆಳು ಪಸೆಯ ನೆರವು, ಅಷ್ಟೇ.

ಇವೇ ಸ್ಲಿಪ್ ಗೇಜುಗಳು. ಕಾರ್ಖಾನೆಯ ಮೈಕ್ರೋಮೀಟರ್ ಎಂಬ ಅಳತೆ ಸಾಧನ ಸುಳ್ಳು ಹೇಳುತ್ತಿದೆಯೇ ಎಂಬುದಕ್ಕೆ ಸಾಕ್ಷಿ ನುಡಿಯುವವು.

ಇವುಗಳ ಹಿಂದಿರುವಾತ ಕಾರ್ಲ್ ಎಡ್ವರ್ಡ್ ಯೊಹಾನ್ಸನ್. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಬಂದೂಕು ಕಾರ್ಖಾನೆಯ ನೌಕರ. ಜರ್ಮನಿಯ ಮೌಸರ್ ಬಂದೂಕು ಕಾರ್ಖಾನೆಗೆ ಹೋದಾಗ, ಒಂದೊಂದು ಅಳತೆಗೂ ಒಂದೊಂದು ಗೇಜು ಮಾಡಿಟ್ಟುಕೊಳ್ಳುವ ಪದ್ಧತಿ ಆತನ ಕಣ್ಣಿಗೆ ಬಿತ್ತು. ನಮ್ಮಲ್ಲೂ ಹೀಗೇ ಆದರೆ ಗೇಜುಗಳಿಗೇ ಒಂದು ಉಗ್ರಾಣ ಬೇಕಲ್ಲ! ಮರಳುವ ರೈಲಿನಲ್ಲಿ ಲೆಕ್ಕ ಹಾಕುತ್ತ ಕೂತನೆಂದು ಕಥೆ. 1896ರ ಹೊತ್ತಿಗೆ ಉತ್ತರ ಸಿಕ್ಕಿತ್ತು: ಜಾಣತನದಿಂದ ಆರಿಸಿದ 102 ಬಿಲ್ಲೆಗಳನ್ನು ಜೋಡಿಸುತ್ತ ಹೋದರೆ 1ರಿಂದ 201 ಮಿಲಿಮೀಟರ್‌ವರೆಗೆ, 0.01ರ ಅಂತರದಲ್ಲಿ, ಸುಮಾರು 20,000 ಅಳತೆಗಳು ಹೊರಡುತ್ತವೆ.

ಬಿಲ್ಲೆಗಳ ಒರಟು ರೂಪ ಕಾರ್ಖಾನೆಯಲ್ಲಿ ಸಿದ್ಧವಾಯಿತು. ಕೊನೆಯ ಹೊಳಪು ಮಾತ್ರ ಮನೆಯಲ್ಲಿ, ಹೆಂಡತಿಯ ಹೊಲಿಗೆ ಯಂತ್ರವನ್ನೇ ಸಾಣೆಯಾಗಿಸಿಕೊಂಡು! ಆ ಮನೆಯಲ್ಲಿ ಬಟ್ಟೆ ಹೊಲಿಯುವುದು ಎಷ್ಟು ದಿನ ನಿಂತಿತೋ, ಯಾರೂ ಬರೆದಿಟ್ಟಂತಿಲ್ಲ. ಮುಂದೆ, 1923ರಲ್ಲಿ, ಆತ ಹೆನ್ರಿ ಫೋರ್ಡ್‌ನ ಕಾರು ಕಾರ್ಖಾನೆ ಸೇರಿದ.

ಇನ್ನೂ ಸೂಕ್ಷ್ಮ ಬಿಲ್ಲೆಗಳಿರುವ ಇಂದಿನ ಪೆಟ್ಟಿಗೆಯನ್ನು ಬಳಸುವ ಬಗೆ ಸರಳ. 36.375 ಮಿಲಿಮೀಟರ್ ಬೇಕೆ? ಕೊನೆಯ ಅಂಕಿಯಿಂದ ಶುರುಮಾಡಬೇಕು: 1.005, ಆಮೇಲೆ 1.37, ನಂತರ 4, ಕೊನೆಗೆ 30. ಕೂಡಿದರೆ ಲೆಕ್ಕ ಸರಿ. ಕಷ್ಟವಿರುವುದು ಬಿಸಿಯಲ್ಲಿ. ಅಳತೆಯ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ತುಸು ಹೆಚ್ಚೇ ಹಿಗ್ಗುತ್ತದೆ. ಕೈಯಲ್ಲಿ ಹಿಡಿದರೂ ಸಾಕು, ಬಿಲ್ಲೆ ಬೆಳೆಯುತ್ತದೆ. ಆದ್ದರಿಂದಲೇ ಅಳತೆಯ ಕೋಣೆಗೆ ಏಸಿ. ತುಂಡುಗಳು ಅಲ್ಲಿ ಕೂತು ತಣಿಯುವವರೆಗೂ ಕಾಯಬೇಕು.

ಇಂಥ ಸೂಕ್ಷ್ಮ ಅಳತೆಯೊಂದಿಗೆ ಬೆಂಗಳೂರಿಗೂ ಹಳೆಯ ನಂಟಿದೆ. 1953ರಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಸಂಶೋಧನಾ ಸಂಸ್ಥೆ ಸಿಎಂಟಿಐ. ಸುತ್ತಲೂ ಪೀಣ್ಯದ ಸಣ್ಣ ಕಾರ್ಖಾನೆಗಳು. ಮೈಕ್ರಾನ್ ಎಂಬ ಮಾತು ಇಲ್ಲಿನ ಟರ್ನರುಗಳ ಬಾಯಲ್ಲಿ ಮುಕ್ಕಾಲು, ಅರೆಪಾವಿನಷ್ಟೇ ಸಲೀಸು.

ಈಗ ಸಿಎಂಎಂ ಎಂಬ ಯಂತ್ರ ಮಾಣಿಕ್ಯದ ಪುಟ್ಟ ಗುಂಡಿನ ಮೊನೆಯಿಂದ ಬಿಡಿಭಾಗವನ್ನು ಅಲ್ಲಲ್ಲಿ ಮುಟ್ಟಿ, ಅಳತೆಯನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಅದರ ಲೆಕ್ಕ ಸರಿಯಿದೆಯೇ ಎಂದು ನೋಡಬೇಕಾದ ದಿನ ಮತ್ತೆ ಮರದ ಪೆಟ್ಟಿಗೆ ಹೊರಬರುತ್ತದೆ. ಕೆಲಸ ಮುಗಿದ ಮೇಲೆ ಬಿಲ್ಲೆಗಳನ್ನು ಬಿಡಿಸಿ, ಒರೆಸಿ, ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿ ಒಳಗಿಡುತ್ತಾರೆ, ಮುಂದಿನ ಸಲದವರೆಗೆ.