ಮೆಣಸಿನ ಪುಡಿಯ ಬಿಲ್ಲು ಹೊರುವ ಹೊಣೆ

2005ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ಸಿದ್ಧ ಆಹಾರಗಳನ್ನು ಹಿಂದಕ್ಕೆ ತರಿಸಲಾಯಿತು. ದೋಷವಿದ್ದುದು ಅವುಗಳಲ್ಲಿ ಬಳಸಿದ್ದ ಒಂದು ಸಾಸಿನಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಆ ಸಾಸಿಗೆ ಬಿದ್ದ ಮೆಣಸಿನ ಪುಡಿಯಲ್ಲಿ. 2002ರಲ್ಲಿ ಭಾರತದಿಂದ ಹೋಗಿ ಹಲವು ವರ್ತಕರ ಕೈ ದಾಟಿದ್ದ ಆ ಪುಡಿಯಲ್ಲಿ ಸುಡಾನ್-1 ಎಂಬ ನಿಷೇಧಿತ ಬಣ್ಣವಿತ್ತು.

ಪರೀಕ್ಷಾ ವರದಿಯಿಲ್ಲದ ಮೆಣಸಿಗೆ ಐರೋಪ್ಯ ಒಕ್ಕೂಟವು 2003ರಲ್ಲಿಯೇ ಬಾಗಿಲು ಮುಚ್ಚಿತ್ತು. ಭಾರತದ ಸಾಂಬಾರ ಪದಾರ್ಥಗಳ ಮಂಡಳಿಯೂ ಅದೇ ವರ್ಷ ರಫ್ತಿನ ಮೆಣಸಿಗೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಈ ಪುಡಿ ಅದಕ್ಕೂ ಮೊದಲೇ ಒಳಸೇರಿತ್ತು. ಸಹಜ ಕೆಂಪಿಗೇ ಬೆಲೆ ಪಡೆಯುವ ಬ್ಯಾಡಗಿ ಮೆಣಸಿನ ವರ್ತಕರಿಗೆ ಕೃತಕ ಬಣ್ಣದ ಹಾನಿಯನ್ನು ವಿವರಿಸಬೇಕಿಲ್ಲ.

ಸರ್ಕಾರದ ಕಾನೂನಿನ ಜೊತೆಗೆ ಖರೀದಿದಾರನ ಕಟ್ಟಳೆಯೂ ಇದೆ. ಬ್ರಿಟನ್ನಿನ 1990ರ ಆಹಾರ ಸುರಕ್ಷತಾ ಕಾಯ್ದೆಯು, ತಕ್ಕ ಎಚ್ಚರಿಕೆ ವಹಿಸಿದ್ದನ್ನು ರುಜುವಾತುಪಡಿಸುವ ಮಾರಾಟಗಾರನಿಗೆ ರಕ್ಷಣೆ ನೀಡಿತು. ಆ ರುಜುವಾತಿಗಾಗಿ ದೊಡ್ಡ ಮಳಿಗೆಗಳು ಪೂರೈಕೆದಾರರ ಕಾರ್ಖಾನೆಗಳ ತಪಾಸಣೆಗೆ ಇಳಿದವು. 1998ರಲ್ಲಿ ಅಲ್ಲಿನ ಚಿಲ್ಲರೆ ವರ್ತಕರ ಒಕ್ಕೂಟ ಬಿ.ಆರ್.ಸಿ. ಮಾನಕವನ್ನು ಹೊರತಂದಿತು. ಕಾನೂನಿನ ದೃಷ್ಟಿಯಲ್ಲಿ ಅದು ಐಚ್ಛಿಕ. ಅದಿಲ್ಲದೆ ಆರ್ಡರ್ ದೊರೆಯದವನಿಗೆ ಕಡ್ಡಾಯವೇ ಸರಿ. ತಪಾಸಣೆಯ ಶುಲ್ಕವನ್ನು ಸಾಮಾನ್ಯವಾಗಿ ತಪಾಸಣೆಗೊಳಗಾಗುವವನೇ ತೆರುವುದು ಇದರ ದುರ್ಬಲ ಕೊಂಡಿ. ಅಮೆರಿಕದ ಪೀನಟ್ ಕಾರ್ಪೊರೇಷನ್ನಿನ ಘಟಕವು ಖಾಸಗಿ ತಪಾಸಕರಿಂದ ಉನ್ನತ ದರ್ಜೆ ಪಡೆದಿತ್ತು. ಆ ಸಂಸ್ಥೆಯ ಶೇಂಗಾ ಉತ್ಪನ್ನಗಳಿಂದ 2008–09ರಲ್ಲಿ ಹಬ್ಬಿದ ಸಾಲ್ಮೊನೆಲ್ಲಾ ಸೋಂಕಿಗೆ 9 ಮಂದಿ ಬಲಿಯಾದರು.

ಭಾರತದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಸ್ಥಾನಕ್ಕೆ 2011ರ ಆಗಸ್ಟ್ 5ರಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಬಂದಿತು. ಇದರ ಕಲಂ 80ರಲ್ಲಿಯೂ ಅಂತಹುದೇ ರಕ್ಷಣೆಯುಂಟು. ಆದರೆ ಸಣ್ಣ ಉದ್ದಿಮೆದಾರರು ಮೊದಲು ಓದಬೇಕಾದುದು ಕಲಂ 26(4). ವರ್ತಕನಿಗೆ ಆಹಾರ ಪದಾರ್ಥ ಮಾರುವ ತಯಾರಕ ಅಥವಾ ವಿತರಕನು ಅದರ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ನೀಡಬೇಕು. ಬಿಲ್ಲು, ಕ್ಯಾಷ್ ಮೆಮೊ ಅಥವಾ ಇನ್‌ವಾಯ್ಸನ್ನೇ ಕಾಯ್ದೆಯು ಖಾತರಿಯೆಂದು ಪರಿಗಣಿಸುತ್ತದೆ. ಸರಕು ಯಾರಿಂದ ಬಂದಿತೆಂದು ತೋರಿಸಲಾಗದ ಮಾರಾಟಗಾರನ ಮೇಲೆ ಕಲಂ 27ರ ಅನ್ವಯ ಹೊಣೆ ಬೀಳುತ್ತದೆ. ತೆರಿಗೆ ಉಳಿಯಿತೆಂದು ಬಿಲ್ಲಿಲ್ಲದೆ ಪುಡಿ ಕೊಂಡವನು ಜಮಾಖರ್ಚಿನಲ್ಲಿ ಕಾಣದ ಈ ಹೊಣೆಯನ್ನೂ ಕೊಂಡಿರುತ್ತಾನೆ.

ಖರೀದಿ ಬಿಲ್ಲಿನಲ್ಲಿ ಲಾಟ್ ಸಂಖ್ಯೆ ಬರೆಸಿಕೊಳ್ಳುವುದು, ಅದನ್ನೇ ಉತ್ಪಾದನಾ ಪುಸ್ತಕದಲ್ಲಿ ನಮೂದಿಸುವುದು, ಪ್ರತಿ ಲಾಟಿನ ಒಂದಿಷ್ಟು ಮಾದರಿಯನ್ನು ಮೊಹರು ಮಾಡಿ ಇಡುವುದು – ಇವಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬಣ್ಣದ ಬಗ್ಗೆ ಶಂಕೆಯಿದ್ದಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಕೈಸೇರುವವರೆಗೆ ಆ ಲಾಟನ್ನು ಗಿರಣಿಗೆ ಹಾಕದಿರುವುದು ಲೇಸು.